ಬಾನೆಟ್ ಒಳಗಿನ ವೈರ್ ಮುಚ್ಚಿಸುವ ಮುಂಚೆ ಇದನ್ನು ಓದಿ

ಬಾನೆಟ್ ಎತ್ತಿದರೆ ಒಂದು ವೈರೂ ಕಾಣಬಾರದು, ಇಂಜಿನ್ ಮಾತ್ರ ಹೊಳೆಯುತ್ತಿರಬೇಕು ಅಂತ ಹಳೇ ಕಾರಿಗೆ ವೈರ್ ಟಕ್ ಮಾಡಿಸಲು ಹೊರಟಿದ್ದೀರಾ? ಸ್ವಲ್ಪ ನಿಲ್ಲಿ. ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ನನ್ನ ಕಾರಿಗೆ ಆ ಕೆಲಸ ಮಾಡಿದ ಗ್ಯಾರೇಜಿನವರು ವೈರ್‌ಗಳ ಜೊತೆಗೆ ತಮ್ಮ ಕಳಪೆ ಕೆಲಸವನ್ನೂ ಮುಚ್ಚಿಟ್ಟಿದ್ದರು. ಅದು ಹೊರಗೆ ಬಂದಿದ್ದು ಶಿರಾಡಿ ಘಾಟಿಯಲ್ಲಿ, ಜುಲೈ ಮಳೆಯಲ್ಲಿ, ರಾತ್ರಿ ಹೊತ್ತು, ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಾಗ.

ನನ್ನದು 2001ರ ಹೋಂಡಾ ಸಿಟಿ, 1.5 ಲೀಟರಿನ ವಿಟೆಕ್. ಆ ಕಾಲಕ್ಕೆ 106 ಅಶ್ವಶಕ್ತಿ ಕೊಡುತ್ತಿದ್ದ ಇಂಜಿನ್. ಅದನ್ನು ಒಮ್ಮೆ ಓಡಿಸಿದವರಿಗೆ ಯಾಕೆ ಇನ್ನೂ ಮಾರಿಲ್ಲ ಅಂತ ಹೇಳಬೇಕಾಗಿಲ್ಲ. ಬ್ಯಾಟರಿ ಕೂರುವ ಜಾಗ ತುಕ್ಕು ಹಿಡಿದಿತ್ತು, ಹಾಗಾಗಿ ಇಂಜಿನ್ ಇಳಿಸಿ ಒಳಗೆಲ್ಲ ಪೇಂಟ್ ಮಾಡಿಸಲು ಬೆಂಗಳೂರಿನ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಅವರೇ ಹೇಳಿದರು: "ಬ್ರೋ, ಹೇಗೂ ಇಂಜಿನ್ ಕೆಳಗಿದೆ, ವೈರಿಂಗ್ ಕೂಡ ಒಳಗೆ ಹಾಕ್ಬಿಡೋಣ, ಸಖತ್ತಾಗಿ ಕಾಣುತ್ತೆ." ಮಾಡಿದ ಬೇರೆ ಕಾರುಗಳ ಫೋಟೋ ತೋರಿಸಿದರು. ಫೋಟೋ ನಿಜಕ್ಕೂ ಚೆನ್ನಾಗಿತ್ತು.

ಈ ವೈರ್ ಟಕ್ ಅನ್ನೋದು ಪ್ರದರ್ಶನದ ಕಾರುಗಳಿಂದ ಬಂದ ಪದ್ಧತಿ. ಅಮೆರಿಕದಲ್ಲಿ 90ರ ದಶಕದ ಸಿವಿಕ್ ಇಟ್ಟುಕೊಂಡವರು ಇದನ್ನು ತುಂಬಾ ಮಾಡುತ್ತಾರೆ. ವೈರಿಂಗ್ ಕಿಟ್ ಪೂರ್ತಿ ಬಿಚ್ಚಿ, ಬೇಕಾದ ಕಡೆ ಉದ್ದ ಮಾಡಿ, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಒಳಗಿನಿಂದ, ಡ್ಯಾಶ್‌ಬೋರ್ಡ್ ಹಿಂದಿನಿಂದ ಎಳೆದುಕೊಂಡು ಹೋಗುತ್ತಾರೆ. ಚೆನ್ನಾಗಿ ಮಾಡಿದರೆ ಏನೂ ತೊಂದರೆ ಇಲ್ಲ. ಅಂಥ ಕಾರುಗಳನ್ನೂ ನೋಡಿದ್ದೇನೆ, ಇಂದಿಗೂ ನೆಮ್ಮದಿಯಾಗಿ ಓಡುತ್ತಿವೆ. ಆದರೆ ಕಾಣುವ ವೈರ್ ಕೆಟ್ಟರೆ ಬಾನೆಟ್ ಎತ್ತಿದ ತಕ್ಷಣ ಯಾರಿಗಾದರೂ ಗೊತ್ತಾಗುತ್ತದೆ, ಕಾಣದ ವೈರ್ ಕೆಟ್ಟರೆ ಹೊಗೆ ಬರುವ ತನಕ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಮುಚ್ಚುವ ವೈರ್‌ನ ಕೆಲಸ ಕಾಣುವ ವೈರ್‌ನ ಕೆಲಸಕ್ಕಿಂತ ಜಾಸ್ತಿ ಗಟ್ಟಿಯಾಗಿರಬೇಕು. ನನ್ನ ಕಾರಿನಲ್ಲಿ ಆಗಿದ್ದು ಇದಕ್ಕೆ ಪೂರ್ತಿ ಉಲ್ಟಾ.

ಕಾರು ಮನೆಗೆ ಬಂದ ಮೇಲೆ ಸಣ್ಣ ಸಣ್ಣ ತೊಂದರೆ ಶುರುವಾಯಿತು. ಇವನ್ನು ಗಮನವಿಟ್ಟು ಓದಿ, ನಿಮ್ಮ ಕಾರಿನಲ್ಲೂ ಇರಬಹುದು. ಇಂಜಿನ್ ಬಿಸಿ ಇದ್ದಾಗ ಸ್ಟಾರ್ಟರ್ ಎಳೆದೆಳೆದು ತಿರುಗುತ್ತಿತ್ತು. ರೇಡಿಯೇಟರ್ ಫ್ಯಾನ್ ಆನ್ ಆದ ಕೂಡಲೇ ಹೆಡ್‌ಲೈಟ್ ಮಂಕಾಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಮೀಟರಿನ ಮುಳ್ಳು ಸಣ್ಣಗೆ ಕುಣಿಯುತ್ತಿತ್ತು. ಎಲ್ಲಕ್ಕಿಂತ ವಿಚಿತ್ರ ಅಂದರೆ ಆಕ್ಸಿಲರೇಟರ್ ಪೆಡಲ್ ದಿನದಿಂದ ದಿನಕ್ಕೆ ಬಿಗಿಯಾಗುತ್ತಾ ಹೋಯಿತು. ಗ್ಯಾರೇಜಿಗೆ ವಾಪಸ್ ತೆಗೆದುಕೊಂಡು ಹೋದರೆ "ಬ್ಯಾಟರಿ ವೀಕ್ ಬ್ರೋ" ಅಂದರು. ಹೊಸ ಬ್ಯಾಟರಿ ಹಾಕಿಸಿದೆ. ಪೆಡಲ್‌ನ ಕೇಬಲ್‌ಗೆ ಆಯಿಲ್ ಬಿಟ್ಟು ಕಳಿಸಿದರು. ವೈರಿಂಗ್ ನೋಡಿ ಅಂತ ಕೇಳಿದ್ದಕ್ಕೆ, ಅದನ್ನೆಲ್ಲ ಹೊಸದಾಗಿ ಮಾಡಿದ್ದೀವಲ್ಲ, ಅದರಲ್ಲೇನೂ ಬರಲ್ಲ ಅಂದುಬಿಟ್ಟರು.

ಆಮೇಲೆ ಮಂಗಳೂರಿನಿಂದ ವಾಪಸ್ ಬರುವಾಗ, ಗುಂಡ್ಯ ದಾಟಿ ಘಾಟಿ ಹತ್ತುತ್ತಿದ್ದೆವು. ಧಾರಾಕಾರ ಮಳೆ. ಹೆಡ್‌ಲೈಟ್, ವೈಪರ್, ಬ್ಲೋವರ್, ಹಿಂದಿನ ಗಾಜಿನ ಡೀಫಾಗರ್ ಎಲ್ಲ ಆನ್. ಏರಿನಲ್ಲಿ ಇಂಜಿನ್ ಬಿಸಿಯಾಗಿ ಫ್ಯಾನ್ ಕೂಡ ತಿರುಗುತ್ತಿತ್ತು. ಮೊದಲು ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಲೈಟ್ ಕೆಂಪಗಾಯಿತು. ಇಂಜಿನ್ ಎರಡು ಸಲ ತಡವರಿಸಿ ಆಫ್ ಆಯಿತು, ಜೊತೆಗೆ ಲೈಟೂ ಹೋಯಿತು. ಹಿಂದೆ ಲಾರಿಗಳು, ಮುಂದೆ ತಿರುವು, ಒಂದು ಪಾರ್ಕಿಂಗ್ ಲೈಟ್ ಕೂಡ ಇಲ್ಲ. ಹೆಂಡತಿ ಮಗಳನ್ನು ಎತ್ತಿಕೊಂಡು ಗುಡ್ಡದ ಬದಿಗೆ ಹೋಗಿ ನಿಂತಳು, ನಾನು ಮೊಬೈಲ್ ಟಾರ್ಚ್ ಬೀಸುತ್ತಾ ಕಾರಿನ ಹಿಂದೆ ನಿಂತೆ. ಒಬ್ಬ ಟ್ಯಾಂಕರ್ ಡ್ರೈವರ್ ಗಾಡಿ ನಿಲ್ಲಿಸಿ, ಹಜಾರ್ಡ್ ಹಾಕಿ, ನಮ್ಮ ಹಿಂದೆ ಅಡ್ಡ ಇರುವ ಹಾಗೆ ಇಟ್ಟರು. ಅವರು ಇಲ್ಲದಿದ್ದರೆ ಏನಾಗುತ್ತಿತ್ತೋ, ಯೋಚಿಸಲು ಇಷ್ಟವಿಲ್ಲ.

ಬೆಳಿಗ್ಗೆ ಸಕಲೇಶಪುರದಲ್ಲಿ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಕಾರು ನೋಡಿದರು. ಬಾನೆಟ್ ಎತ್ತಿದವರೇ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಇಂಜಿನ್‌ಗೆ ಅರ್ಥ್ ಎಲ್ಲೈತೆ ಸಾರ್?" ಅಂದರು. ಆ ಒಂದು ಪ್ರಶ್ನೆಯಲ್ಲಿ ಅರ್ಧ ಕಾಯಿಲೆ ಸಿಕ್ಕಿತು.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅಂದಕ್ಕೆ ಕೆಲಸ ಮಾಡುವವರು ಮೊದಲು ಕಿತ್ತು ಬಿಸಾಕುವುದೇ ಅರ್ಥ್ ಪಟ್ಟಿಯನ್ನು. ಕಾರಿನಲ್ಲಿ ಪ್ರತಿ ಲೈಟಿಗೂ ಮೋಟಾರಿಗೂ ಪ್ಲಸ್ ವೈರಿನಲ್ಲಿ ಹೋದ ಕರೆಂಟ್ ಬಾಡಿಯ ಕಬ್ಬಿಣದ ಮೂಲಕ ವಾಪಸ್ ಬರಬೇಕು, ಆ ವಾಪಸ್ ದಾರಿಯೇ ಅರ್ಥ್. ಆದರೆ ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿದೆ, ಬಾಡಿಗೂ ಅದಕ್ಕೂ ನೇರ ಸಂಪರ್ಕ ಇಲ್ಲ. ಸ್ಟಾರ್ಟರ್ ಇರುವುದು ಇಂಜಿನ್ ಮೇಲೆ, ಆಲ್ಟರ್ನೇಟರ್ ಇರುವುದೂ ಇಂಜಿನ್ ಮೇಲೆ. ಸ್ಟಾರ್ಟರ್ ಒಂದೇ 100 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಅದಕ್ಕೇ ಕಂಪನಿಯವರು ಬೆರಳು ದಪ್ಪದ ಕೇಬಲ್, ಹೆಣೆದ ತಾಮ್ರದ ಪಟ್ಟಿ ಎಲ್ಲ ಹಾಕಿರುತ್ತಾರೆ. ನೋಡಲು ಚೆಂದ ಇರಲ್ಲ, ನಿಜ. ನಮ್ಮ ಗ್ಯಾರೇಜಿನವರು ಅವನ್ನು ತೆಗೆದು, ಹಿಂದೆ ಕಾಣದ ಜಾಗದಲ್ಲಿ ಒಂದು ತೆಳ್ಳಗಿನ ಕಪ್ಪು ವೈರ್ ಕೊಟ್ಟಿದ್ದರು. ಅದೂ ಹೊಸ ಪೇಂಟ್ ಮೇಲೆ! ಪೇಂಟ್ ಕರೆಂಟ್ ಹಾಯಿಸಲ್ಲ. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಬರಿಯ ಕಬ್ಬಿಣ ಕಾಣಿಸಬೇಕು, ಆಮೇಲೆ ಲಗ್ (ವೈರಿನ ತುದಿಯ ಲೋಹದ ಬಳೆ) ಬಿಗಿದು, ಮೇಲೆ ಗ್ರೀಸ್ ಹಚ್ಚಬೇಕು. ಎರಡು ನಿಮಿಷದ ಕೆಲಸ ಅಷ್ಟೇ, ಮಾಡಿರಲಿಲ್ಲ.

ಗದ್ದೆಯ ಕಾಲುವೆ ಕಟ್ಟಿಕೊಂಡರೆ ನೀರು ಬದು ಒಡೆದುಕೊಂಡು ಹೋಗುತ್ತದಲ್ವಾ, ಕರೆಂಟೂ ಹಾಗೇ ಬೇರೆ ದಾರಿ ಹುಡುಕಿತು. ಸಿಕ್ಕಿದ ದಾರಿ ಆಕ್ಸಿಲರೇಟರ್ ಕೇಬಲ್. ಅದರ ಒಳಗಿನ ಉಕ್ಕಿನ ತಂತಿ ಪೆಡಲ್ ಕಡೆ ಬಾಡಿಗೂ ಆ ಕಡೆ ಇಂಜಿನ್‌ಗೂ ಮುಟ್ಟಿಕೊಂಡಿರುತ್ತದೆ. ಸ್ಟಾರ್ಟ್ ಮಾಡಿದಾಗಲೆಲ್ಲ, ಲೈಟು ಫ್ಯಾನು ಎಲ್ಲ ಹಾಕಿ ಓಡಿಸಿದಾಗಲೂ ಕರೆಂಟ್ ಅದರಲ್ಲಿ ಹರಿದು, ಬಿಸಿಯಾಗಿ, ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ಅಂಟಿಕೊಳ್ಳುತ್ತಿತ್ತು. ಪೆಡಲ್ ಬಿಗಿಯಾಗಿದ್ದು ಅದಕ್ಕೇ! ಘಾಟಿಯಲ್ಲಿ ಬಂದ ವಾಸನೆಯೂ ಅದರದ್ದೇ. ಆ ಕೇಬಲ್ ಒತ್ತಿದ ಜಾಗದಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಇಳಿಜಾರಿನಲ್ಲಿ ಗತಿ ಏನು ಅಂತ ನೀವೇ ಯೋಚಿಸಿ. ಇಂಜಿನ್ ಆಫ್ ಆಗಿದ್ದು ಇಸಿಯುವಿನ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ, ಅರ್ಥ್ ಹೋಗಿದ್ದಕ್ಕೆ. ಆ ಕಾಲದ ಹೋಂಡಾ ಇಂಜಿನ್‌ಗಳಲ್ಲಿ ಥರ್ಮೋಸ್ಟ್ಯಾಟ್ ಹೌಸಿಂಗ್ ಮೇಲೆ ಇಸಿಯುವಿನ ಒಂದು ಮುಖ್ಯ ಅರ್ಥ್ ಬೋಲ್ಟ್ ಇರುತ್ತದೆ. ಇಂಜಿನ್‌ಗೇ ಅರ್ಥ್ ಸರಿಯಾಗಿಲ್ಲದಿದ್ದರೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆಮೇಲೆ ಫೆಂಡರ್ ಲೈನರ್, ಅಂದರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಮುಚ್ಚಳ, ಬಿಚ್ಚಿದೆವು. ಹೆಡ್‌ಲೈಟ್ ಮತ್ತು ಫ್ಯಾನಿನ ವೈರ್‌ಗಳನ್ನು ಉದ್ದ ಮಾಡಲು ಕತ್ತರಿಸಿ, ಕೈಯಲ್ಲಿ ತಿರುಚಿ, ಮಾಮೂಲಿ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದರು. ವೈರ್ ತುದಿಗಳನ್ನು ಲೋಹದ ಕೊಳವೆಯಲ್ಲಿಟ್ಟು ಒತ್ತಿ ಬಿಗಿಯುವ ಕ್ರಿಂಪ್ ಇಲ್ಲ, ಸೋಲ್ಡರ್ ಇಲ್ಲ. ಫೆಂಡರ್ ಒಳಗೆ ಚಕ್ರ ಎರಚುವ ಕೆಸರು ನೀರು ಬೀಳುವ ಜಾಗ ಅದು. ಟೇಪಿನ ಅಂಟು ಬಿಟ್ಟು, ಒಳಗೆ ನೀರು ಹೋಗಿ, ತಾಮ್ರ ಹಸಿರು ಕಿಲುಬು ಹಿಡಿದಿತ್ತು. ಕೆಲವು ಜಾಯಿಂಟ್ ಮುಟ್ಟಿದರೆ ಪುಡಿಯಾಗಿ ಉದುರಿತು. ಸೇರಿಸಿದ ವೈರ್ ಕೂಡ 0.5 ಸ್ಕ್ವೇರ್ ಎಂಎಂನದ್ದು. ಅಂಥ ವೈರಿನಲ್ಲಿ 10 ಆಂಪಿಯರ್ ಹರಿದರೆ 3 ಮೀಟರಿಗೇ 1 ವೋಲ್ಟ್‌ಗಿಂತ ಜಾಸ್ತಿ ಕಳೆದುಹೋಗುತ್ತದೆ, 2.5 ಸ್ಕ್ವೇರ್ ಎಂಎಂ ವೈರಿನಲ್ಲಿ ಕಾಲು ವೋಲ್ಟ್ ಒಳಗೇ ಇರುತ್ತದೆ. 60 ವ್ಯಾಟಿನ ಎರಡು ಹೈಬೀಮ್ ಬಲ್ಬ್‌ಗಳೇ 10 ಆಂಪಿಯರ್ ಎಳೆಯುತ್ತವೆ, ಲೈಟ್ ಯಾಕೆ ಮಂಕಾಗಿತ್ತು ಅಂತ ಇನ್ನು ಹೇಳಬೇಕಾ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ. ನನಗೆ ನಿಜವಾಗಿ ಕೈಕಾಲು ನಡುಗಿದ್ದು ಕೊನೆಯದನ್ನು ನೋಡಿದಾಗ. ಫ್ಯೂಸ್ ಬಾಕ್ಸ್ ಕಾಣಬಾರದು ಅಂತ ಅದನ್ನು ಡ್ಯಾಶ್‌ಬೋರ್ಡ್ ಒಳಗೆ ಇಟ್ಟಿದ್ದರು. ಬ್ಯಾಟರಿಯ ಪ್ಲಸ್ ಕೇಬಲ್ ಫೈರ್‌ವಾಲ್‌ನಲ್ಲಿ (ಇಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ಕೊರೆದ ತೂತಿನಿಂದ ಒಳಗೆ ಹೋಗುತ್ತಿತ್ತು. ಆ ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಇರಲಿಲ್ಲ. ತಗಡಿನ ಅಂಚು ಅಲುಗಾಟಕ್ಕೆ ಕೇಬಲ್ಲನ್ನು ಸವೆಸುತ್ತಾ ಬಂದು, ಮೇಲಿನ ಪದರ ಮುಕ್ಕಾಲು ಹೋಗಿತ್ತು. ಬ್ಯಾಟರಿಯಿಂದ ಅಲ್ಲಿಯ ತನಕ ಒಂದು ಫ್ಯೂಸ್ ಕೂಡ ಇಲ್ಲ. ಫ್ಯೂಸ್ ಬಾಕ್ಸ್‌ನಲ್ಲಿರುವ ಫ್ಯೂಸ್‌ಗಳು ಅದರಿಂದ ಮುಂದೆ ಹೋಗುವ ವೈರ್‌ಗಳನ್ನು ಮಾತ್ರ ಕಾಯುತ್ತವೆ, ಹಿಂದಿನ ಕೇಬಲ್ಲನ್ನಲ್ಲ. ಆ ಕೇಬಲ್ ಬಾಡಿಗೆ ಮುಟ್ಟಿದ್ದರೆ ಬ್ಯಾಟರಿ ನೂರಾರು ಆಂಪಿಯರ್ ಒಮ್ಮೆಲೇ ಸುರಿಯುತ್ತಿತ್ತು. ಕೀ ತೆಗೆದರೂ ನಿಲ್ಲುವುದಿಲ್ಲ. ಕಾರಿನ ಒಳಗೆ, ಕಾಲಿನ ಹತ್ತಿರ ಬೆಂಕಿ. ಹಿರಿಯರು ಆ ಕೇಬಲ್ ಬೆರಳಲ್ಲಿ ಹಿಡಿದು ತೋರಿಸಿ, "ದ್ಯಾವ್ರು ದೊಡ್ಡೋನು ಸಾರ್" ಅಂದಿದ್ದು ಇನ್ನೂ ಕಿವಿಯಲ್ಲಿದೆ.

ಗ್ಯಾರೇಜಿನವರಿಗೆ ಫೋಟೋ ಕಳಿಸಿದೆ. ಮಳೆಯಲ್ಲಿ ಓಡಿಸಿದರೆ ಹೀಗಾಗುತ್ತೆ ಅಂದರು. ಕಾರನ್ನು ಮಳೆಯಲ್ಲಿ ಓಡಿಸಬಾರದು ಅನ್ನುವವರ ಹತ್ತಿರ ಇನ್ನೇನು ಮಾತಾಡುವುದು! ಹೊಸ ವೈರಿಂಗ್ ಹಾಕಿಸಿದ ಖರ್ಚು ಅವರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಆಯಿತು.

ನಿಮ್ಮ ಕಾರಿಗೆ ಈಗಾಗಲೇ ಮಾಡಿಸಿದ್ದರೆ ಇವತ್ತೇ ಒಂದು ಪರೀಕ್ಷೆ ಮಾಡಿ. ಸಾಮಾನ್ಯ ಮಲ್ಟಿಮೀಟರ್ ಸಾಕು. ಅದನ್ನು ಡಿಸಿ ವೋಲ್ಟ್‌ಗೆ ಇಡಿ. ಇಂಜಿನ್ ಸ್ಟಾರ್ಟ್ ಮಾಡಿ ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ. ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಮುಟ್ಟಿಸಿ. 0.2 ವೋಲ್ಟ್ ಒಳಗಿರಬೇಕು. ಆಮೇಲೆ ಎರಡನೇ ಕಡ್ಡಿಯನ್ನು ಬಾಡಿಯ ಬರಿಯ ಕಬ್ಬಿಣಕ್ಕೆ ಮುಟ್ಟಿಸಿ ನೋಡಿ, ಅಲ್ಲೂ ಅಷ್ಟೇ. ಸ್ಟಾರ್ಟರ್ ತಿರುಗುವಾಗ ಇಂಜಿನ್ ಬ್ಲಾಕಿನಲ್ಲಿ ಅರ್ಧ ವೋಲ್ಟ್ ದಾಟಿದರೆ ಅರ್ಥ್ ಸರಿ ಇಲ್ಲ ಅಂತಲೇ ತಿಳಿಯಿರಿ. ಬಾನೆಟ್ ಒಳಗೆ ಯಾವುದೇ ಕೇಬಲ್, ಸ್ಪ್ರಿಂಗ್, ಪೆಡಲ್ ತಂತಿ ಕೈಗೆ ಬಿಸಿ ತಾಗಿದರೆ ಕಾರು ಓಡಿಸಬೇಡಿ.

ಇನ್ನೂ ಮಾಡಿಸಬೇಕು ಅನ್ನುವವರು ಮೊದಲು ಕೇಳಬೇಕಾದ್ದು ಫೋಟೋ ಅಲ್ಲ, ಜಾಯಿಂಟ್ ಹೇಗೆ ಮಾಡ್ತೀರಿ ಅಂತ. ಸರಿಯಾದ ಅಳತೆಯ ಕ್ರಿಂಪ್, ಅದರ ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ಅಂದರೆ ಮುಂದೆ ಮಾತಾಡಿ. ಟೇಪ್ ಅಂದರೆ ಎದ್ದು ಬನ್ನಿ. ಬರೀ ಸೋಲ್ಡರ್ ಕೂಡ ಅಲುಗಾಡುವ ಜಾಗಕ್ಕೆ ಒಳ್ಳೆಯದಲ್ಲ, ಸೋಲ್ಡರ್ ಮುಗಿಯುವ ಜಾಗದಲ್ಲಿ ವೈರ್ ಬಿರುಸಾಗಿ ಮುರಿಯುತ್ತದೆ. ಆಕ್ಸಿಜನ್ ಸೆನ್ಸರಿನ ವೈರಿಗಂತೂ ಸೋಲ್ಡರ್ ಹಾಕಲೇಬಾರದು, ಎಷ್ಟೋ ಸೆನ್ಸರ್‌ಗಳು ಆ ವೈರಿನ ಒಳಗಿಂದಲೇ ಗಾಳಿ ತೆಗೆದುಕೊಳ್ಳುತ್ತವೆ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನ ಒಳಗೆ ಮುಖ್ಯ ಫ್ಯೂಸ್ ಇರಲೇಬೇಕು. ತಗಡಿನ ಪ್ರತಿ ತೂತಿಗೂ ಗ್ರಾಮೆಟ್ ಬೇಕು. ಎಕ್ಸಾಸ್ಟ್ ಹತ್ತಿರ ಮನೆ ವೈರಿಂಗಿನ ವೈರ್ ನಡೆಯಲ್ಲ, ಅದರ ಪಿವಿಸಿ 70 ಡಿಗ್ರಿಗೆ ಮಾಡಿದ್ದು. ಇಂಜಿನ್ ಅಲ್ಲಾಡುತ್ತದೆ, ಅದಕ್ಕೆ ಹೋಗುವ ವೈರಿನಲ್ಲಿ ಸ್ವಲ್ಪ ಸಡಿಲ ಬಿಡಿ ಅಂತಲೂ ಹೇಳಿ. ಅಂದಕ್ಕೆ ಅಂತ ಬಿಗಿಯಾಗಿ ಎಳೆದು ಕಟ್ಟಿದರೆ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಒಳಗಿನ ಪಿನ್ ನಿಧಾನಕ್ಕೆ ಹೊರಗೆ ಬರುತ್ತದೆ.

ಹೊಸ ಕಾರು ಇರುವವರು ಇದಕ್ಕೆ ಕೈಯೇ ಹಾಕಬೇಡಿ. ಅವುಗಳಲ್ಲಿ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಕ್ಯಾನ್ ವೈರ್‌ಗಳು ಜೋಡಿಯಾಗಿ ಹೆಣೆದುಕೊಂಡಿರುತ್ತವೆ. ಆ ಹೆಣಿಗೆ ಬಿಚ್ಚಿ ಮನಸ್ಸಿಗೆ ಬಂದಷ್ಟು ಉದ್ದ ಮಾಡಿದರೆ ಯಾವ ತೊಂದರೆ ಎಲ್ಲಿಂದ ಬಂತು ಅಂತ ಶೋರೂಮಿನವರಿಗೂ ತಿಳಿಯಲ್ಲ. ಹಳದಿ ಕಪ್ಲರ್ ಏರ್‌ಬ್ಯಾಗಿನದ್ದು. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ ಜೀವ ತೆಗೆಯುತ್ತದೆ.

ಈಗ ಯಾರದಾದರೂ ಕಾರು ಗ್ಯಾರೇಜಿನಲ್ಲಿ ಬಿಚ್ಚಿಟ್ಟಿದ್ದರೆ ಇವತ್ತೇ ಫೋನ್ ಮಾಡಿ, ನಾನು ಬಂದು ನೋಡುವ ತನಕ ಟೇಪ್ ಸುತ್ತಬೇಡಿ, ಫೆಂಡರ್ ಲೈನರ್ ಹಾಕಬೇಡಿ ಅಂತ ಹೇಳಿ. ಹೋಗಿ ಪ್ರತಿ ಜಾಯಿಂಟನ್ನೂ ಕೈಯಿಂದ ಎಳೆದು ನೋಡಿ. ಪ್ರತಿ ಅರ್ಥ್ ಬೋಲ್ಟ್ ಬಿಚ್ಚಿಸಿ ಕೆಳಗೆ ಪೇಂಟ್ ಇದೆಯಾ ನೋಡಿ. ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಕೆಟ್ಟಾಗ ಬೇರೆ ಎಲೆಕ್ಟ್ರಿಷಿಯನ್‌ಗೆ ಯಾವ ವೈರ್ ಎಲ್ಲಿ ಹೋಗಿದೆ ಅಂತ ತೋರಿಸಲು ಅದೊಂದೇ ದಾರಿ. ನೋಡಲು ಬಿಡಲ್ಲ ಅಂದರೆ ಕಾರು ಹೇಗಿದೆಯೋ ಹಾಗೇ ಟೋ ಮಾಡಿಸಿಕೊಂಡು ಬನ್ನಿ.