ಒಂದೇ ಭಾವಚಿತ್ರ ಪ್ರದರ್ಶನ, ಮೂರು ಭೇಟಿ: ಯಾವಾಗ ಹೋದರೆ ಏನು ಕಾಣುತ್ತದೆ

ಕಳೆದ ಮಳೆಗಾಲದಲ್ಲಿ ಊರಿಂದ ಊರಿಗೆ ಸಾಗುವ ಭಾವಚಿತ್ರಗಳ ಪ್ರದರ್ಶನವೊಂದು ಬೆಳಗಾವಿಗೆ ಬಂದು, ಟಿಳಕವಾಡಿ ಕಡೆಯ ಒಂದು ಗ್ಯಾಲರಿಯಲ್ಲಿ ಹತ್ತು ದಿನ ನಡೆಯಿತು. ಆ ಹತ್ತು ದಿನಗಳಲ್ಲಿ ನಾನು ಮೂರು ಸಲ ಹೋದೆ: ಉದ್ಘಾಟನೆಯ ಸಂಜೆ, ಭಾನುವಾರ ಮಾರ್ಗದರ್ಶಕರ ಗುಂಪಿನೊಂದಿಗೆ, ಮತ್ತು ಬುಧವಾರ ಬೆಳಿಗ್ಗೆ ಒಬ್ಬನೇ. ಚಿತ್ರಗಳು ಅವೇ, ಗೋಡೆಗಳೂ ಅವೇ. ಆದರೆ ಮೂರು ಸಲವೂ ನಾನು ನೋಡಿದ್ದು ಬೇರೆ ಬೇರೆ ಪ್ರದರ್ಶನ ಎನ್ನುವಷ್ಟು ಅಂತರವಿತ್ತು. ಇಂಥ ಪ್ರದರ್ಶನ ನಮ್ಮ ಭಾಗಕ್ಕೆ ಬರುವುದು ಅಪರೂಪವಾದ್ದರಿಂದ, ಒಂದೇ ಸಲ ಹೋಗಲು ಬಿಡುವಿರುವವರು ಯಾವ ಹೊತ್ತನ್ನು ಆರಿಸಿಕೊಳ್ಳಬೇಕೆಂದು ನನ್ನ ಅನುಭವದಿಂದ ಹೇಳಬಹುದೆಂದುಕೊಂಡಿದ್ದೇನೆ.

ನಾನು ಚಿತ್ರಕಾರನಲ್ಲ. ಖಡೇಬಜಾರದ ಹತ್ತಿರ ಇಪ್ಪತ್ತೆರಡು ವರ್ಷಗಳಿಂದ ಫೋಟೊ ಸ್ಟುಡಿಯೊ ನಡೆಸುತ್ತಿದ್ದೇನೆ. ಪಾಸ್‌ಪೋರ್ಟ್ ಅಳತೆಯ ಮುಖ, ಸಂಬಂಧ ಕೇಳಿದ ಮನೆಗೆ ಕಳಿಸುವ ಮುಖ, ತೀರಿಹೋದ ಹಿರಿಯರನ್ನು ಹಳೆಯ ಗುಂಪುಚಿತ್ರದಿಂದ ಬಿಡಿಸಿ ದೊಡ್ಡದು ಮಾಡಿ ಚೌಕಟ್ಟು ಹಾಕಿಸಿ ಕೊಡುವ ಮುಖ, ಇವೇ ನನ್ನ ದಿನದ ಕೆಲಸ. ಹಾಗಾಗಿ ಯಾವುದೇ ಮುಖದ ಎದುರು ನಿಂತರೂ ಬೆಳಕು ಎಲ್ಲಿಂದ ಬಂದಿದೆ ಎಂಬುದನ್ನೇ ನನ್ನ ಕಣ್ಣು ಮೊದಲು ಹುಡುಕುತ್ತದೆ. ಈ ಹೋಲಿಕೆಯೂ ಬಹುಪಾಲು ಬೆಳಕಿನ ಸುತ್ತಲೇ ತಿರುಗುತ್ತದೆ.

ಬೆಳಗಾವಿಗೆ ಭಾವಚಿತ್ರ ಹೊಸದೇನಲ್ಲ. ಕೆ. ಬಿ. ಕುಲಕರ್ಣಿ ಅವರು ಇಲ್ಲಿ ಚಿತ್ರಮಂದಿರ ಎಂಬ ಚಿತ್ರಕಲಾ ಶಾಲೆ ನಡೆಸಿ ಒಂದು ತಲೆಮಾರಿಗೆ ಮುಖ ಬರೆಯುವುದನ್ನು ಕಲಿಸಿದರು. 1935ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಚಿತ್ರಕಾರ ರವಿ ಪರಾಂಜಪೆ ಅವರ ಕೈ ಪಳಗಿದ್ದು ಕುಲಕರ್ಣಿಯವರ ಬಳಿಯಲ್ಲಿಯೇ. ಆದರೂ ಉತ್ತಮ ಭಾವಚಿತ್ರಗಳನ್ನು ನೋಡಬೇಕೆಂದರೆ ನಮ್ಮ ಭಾಗದವರು ಮೈಸೂರಿಗೋ ಮುಂಬಯಿಗೋ ಹೋಗಬೇಕು. ಪಕ್ಕದ ವಿಜಯಪುರದ ಕಥೆ ಇನ್ನೂ ದೂರದ್ದು: ಆದಿಲಶಾಹಿ ಮನೆತನದ ಒಂಬತ್ತು ಸುಲ್ತಾನರನ್ನು ಒಂದೇ ಹಾಳೆಯ ಮೇಲೆ ಕೂಡಿಸಿ 1680ರ ಸುಮಾರಿಗೆ ಬರೆದ ಚಿತ್ರ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಗೋಳಗುಮ್ಮಟದ ನೆರಳಿನಲ್ಲಿ ಬೆಳೆದ ಹುಡುಗ ತನ್ನೂರಿನ ದೊರೆಗಳ ಮುಖವನ್ನು ಫೋನಿನ ಪರದೆಯಲ್ಲಿ ನೋಡಬೇಕಾಗಿದೆ. ಚಿತ್ರಗಳೇ ಪೆಟ್ಟಿಗೆಯೊಳಗೆ ಕುಳಿತು ನಮ್ಮೂರಿಗೆ ಬಂದಾಗ ಅವನ್ನು ಸರಿಯಾದ ಹೊತ್ತಿನಲ್ಲಿ ನೋಡುವುದು ಮುಖ್ಯವೆಂದು ನನಗೆ ಅನ್ನಿಸುವುದು ಇದಕ್ಕೇ.

ಉದ್ಘಾಟನೆಯ ಸಂಜೆಯನ್ನು ಚಿತ್ರ ನೋಡುವ ಹೊತ್ತು ಎಂದು ನಾನು ಕರೆಯಲಾರೆ. ದೀಪ ಬೆಳಗುವುದು, ಶಾಲು ಹೊದಿಸುವುದು, ಮಾತುಗಳು ಮುಗಿಯುವಷ್ಟರಲ್ಲಿ ಏಳೂವರೆ ದಾಟಿತ್ತು. ಆಮೇಲೆ ಒಳಗೆ ನುಗ್ಗಿದ ಜನರ ತಲೆಗಳ ಮೇಲಿಂದ ಚಿತ್ರಗಳ ಮೇಲರ್ಧವಷ್ಟೇ ಕಾಣುತ್ತಿತ್ತು. ಗಾಜು ಹಾಕಿದ ಚಿತ್ರಗಳಲ್ಲಂತೂ ಬರೆದ ಮುಖಕ್ಕಿಂತ ಎದುರು ನಿಂತವರ ಬಿಳಿ ಅಂಗಿಗಳೇ ಹೆಚ್ಚು ಎದ್ದು ಕಾಣುತ್ತಿದ್ದವು. ಚಿತ್ರದಿಂದ ಆರೇಳು ಅಡಿ ಹಿಂದೆ ಸರಿಯದೆ ದೊಡ್ಡ ತೈಲವರ್ಣದ ಮುಖ ಕೂಡಿಬರುವುದಿಲ್ಲ. ಅಂದು ಹಿಂದೆ ಸರಿಯಲು ಒಂದಡಿ ಜಾಗವೂ ಇರಲಿಲ್ಲ.

ಆದರೆ ಆ ಸಂಜೆ ನಡೆದದ್ದು ಇನ್ನಾವ ದಿನವೂ ನಡೆಯಲಾರದು. ಇತ್ತೀಚೆಗೆ ಬರೆದ ಒಂದು ಚಿತ್ರಕ್ಕೆ ಕುಳಿತಿದ್ದ ಹಿರಿಯ ರೈತರೊಬ್ಬರು ತಾವೇ ಬಂದು ತಮ್ಮ ಚಿತ್ರದ ಪಕ್ಕದಲ್ಲಿ ನಿಂತರು. ಫೋಟೊ ತೆಗೆದುಕೊಳ್ಳುವವರು ತೆಗೆದುಕೊಂಡು ಸರಿದ ಮೇಲೆ ನಾನು ಎರಡು ಮುಖಗಳನ್ನೂ ಒಟ್ಟಿಗೆ ನೋಡಿದೆ. ಅವರ ಎಡಭುಜ ಬಲಕ್ಕಿಂತ ಎರಡು ಬೆರಳು ಇಳಿದಿತ್ತು, ವರ್ಷಗಟ್ಟಲೆ ಹೊರೆ ಹೊತ್ತವರ ಭುಜದಂತೆ. ನನ್ನ ಸ್ಟುಡಿಯೊಕ್ಕೆ ಬಂದಿದ್ದರೆ ಮೊದಲು ನಾನು ಹೇಳುತ್ತಿದ್ದ ಮಾತು "ಅಜ್ಜಾರ, ಭುಜ ಸರಿ ಮಾಡ್ರಿ" ಎಂದು. ಚಿತ್ರಕಾರರು ಆ ಇಳಿಜಾರನ್ನು ಹಾಗೆಯೇ ಇಟ್ಟಿದ್ದರು, ಮತ್ತು ಅದಕ್ಕೆ ಸಮವಾಗಿ ಹಿಂದಿನ ಗೋಡೆಯ ನೆರಳನ್ನು ಎದುರು ದಿಕ್ಕಿಗೆ ವಾಲಿಸಿ ಚಿತ್ರವನ್ನು ನಿಲ್ಲಿಸಿದ್ದರು. ಮುಖದ ಬಣ್ಣ ಮಾತ್ರ ನಿಜವಾದುದಕ್ಕಿಂತ ಹೆಚ್ಚು ಹಳದಿಯಾಗಿತ್ತು. ಇಂಥ ಹೋಲಿಕೆಯ ಅವಕಾಶ ಉದ್ಘಾಟನೆಯಂದು ಸಿಕ್ಕರೂ ಸಿಗಬಹುದು. ಚಿತ್ರಕಾರರನ್ನು ಕಂಡು ಮಾತಾಡಬೇಕೆನ್ನುವವರು ಆ ಸಂಜೆಯೇ ಹೋಗಲಿ. ಚಿತ್ರಕ್ಕಾಗಿ ಹೋಗುವವರು ಬೇಡ.

ಭಾನುವಾರದ ಸುತ್ತಿನಲ್ಲಿ ನಾವು ಇಪ್ಪತ್ತು ಜನರಿದ್ದೆವು. ಐವತ್ತು ನಿಮಿಷ, ಏಳು ಚಿತ್ರಗಳು. ಮಾರ್ಗದರ್ಶಕರು ಚೆನ್ನಾಗಿ ಓದಿಕೊಂಡವರು, ಕನ್ನಡ ಮರಾಠಿ ಎರಡರಲ್ಲಿಯೂ ಸಲೀಸಾಗಿ ಹೇಳಬಲ್ಲವರು. ನಾನಾಗಿಯೇ ಎಂದೂ ಗಮನಿಸದೆ ಹೋಗುತ್ತಿದ್ದ ಹಲವು ಸಂಗತಿಗಳನ್ನು ಅವರಿಂದ ತಿಳಿದೆ. ಚಿತ್ರದ ನಡುಭಾಗ ನೆಲದಿಂದ 150 ಸೆಂಟಿಮೀಟರ್ ಆಸುಪಾಸಿಗೆ ಬರುವಂತೆ ತೂಗುಹಾಕುವುದು ಗ್ಯಾಲರಿಗಳ ರೂಢಿ, ಅದು ನಿಂತವರ ಕಣ್ಣಿನ ಮಟ್ಟ. ಕಾಗದದ ಮೇಲಿನ ಜಲವರ್ಣ ಬೆಳಕಿಗೆ ಮಾಸುತ್ತದೆಯಾದ್ದರಿಂದ ಅದರ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ, ತೈಲವರ್ಣಕ್ಕೆ 200ರವರೆಗೆ ನಡೆಯುತ್ತದೆ. ಜಲವರ್ಣಗಳಿದ್ದ ಮೂಲೆ ಅಷ್ಟು ಮಂಕಾಗಿರುವುದು ಬಲ್ಬು ಕೆಟ್ಟಿದ್ದರಿಂದ ಎಂದು ನಾನು ಉದ್ಘಾಟನೆಯ ದಿನ ತಿಳಿದಿದ್ದೆ. ಸಂಚಾರಿ ಪ್ರದರ್ಶನದಲ್ಲಿ ಪೇಸ್ಟಲ್ ಚಿತ್ರ ಒಂದೂ ಇಲ್ಲವಲ್ಲ ಎಂದು ಕೇಳಿದಾಗ, ಪೇಸ್ಟಲ್ ಎಂದರೆ ಕಾಗದಕ್ಕೆ ಹಗುರವಾಗಿ ಹಿಡಿದ ಬಣ್ಣದ ಪುಡಿ, ಲಾರಿಯ ಅಲುಗಾಟಕ್ಕೆ ಅದು ಉದುರುತ್ತದೆ ಎಂದರು. ಘಟ್ಟದ ರಸ್ತೆಗಳನ್ನು ಬಲ್ಲ ನಮಗೆ ಮತ್ತೆ ಕೇಳುವ ಅಗತ್ಯ ಬೀಳಲಿಲ್ಲ.

ಒಂದು ಜಲವರ್ಣದ ಎದುರು ಅವರು ಎಲ್ಲರನ್ನೂ ಹತ್ತಿರ ಕರೆದು ಬಿಳಿ ಗಡ್ಡವನ್ನು ತೋರಿಸಿದರು. ಅಲ್ಲಿ ಬಿಳಿ ಬಣ್ಣವೇ ಇರಲಿಲ್ಲ. ಗಡ್ಡವೆಂದು ಕಂಡದ್ದು ಬಣ್ಣ ಹಚ್ಚದೆ ಬಿಟ್ಟ ಕಾಗದ. ಸುತ್ತಲಿನ ಕಂದುಬಣ್ಣವನ್ನು ಒಂದೊಂದು ಕೂದಲೆಳೆಯ ಅಂಚಿನವರೆಗೆ ತಂದು ನಿಲ್ಲಿಸಲಾಗಿತ್ತು. ಜಲವರ್ಣದಲ್ಲಿ ಹಾಗೆ ಬಿಟ್ಟ ಬಿಳಿಯನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಪಡೆಯುವುದು ಕಷ್ಟ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಅನೇಕರು ರವಿವರ್ಮನದೆಂದು ತಪ್ಪಾಗಿ ತಿಳಿಯುವ ದೀಪ ಹಿಡಿದ ಮಹಿಳೆಯ ಚಿತ್ರವೂ ಜಲವರ್ಣವೇ, ಬರೆದವರು ನಮ್ಮ ಘಟ್ಟದ ಕೆಳಗಿನ ಸಾವಂತವಾಡಿಯ ಹಲ್ದಣಕರ್ ಎಂದು ಅವರು ಹೇಳಿದಾಗ ಗುಂಪಿನಲ್ಲಿ ಒಂದು ಹೆಮ್ಮೆಯ ಸದ್ದು ಎದ್ದಿತು.

ಈ ಸುತ್ತಿನಿಂದ ಆದ ಒಂದು ನಷ್ಟ ನನಗೆ ಗೊತ್ತಾದದ್ದು ಬುಧವಾರ. ಕಪ್ಪು ಕೋಟು ತೊಟ್ಟ ಒಬ್ಬ ಹಿರಿಯರ ತೈಲಚಿತ್ರದ ಮುಂದೆ ಮಾರ್ಗದರ್ಶಕರು ಆ ಕಣ್ಣುಗಳಲ್ಲಿನ ದುಃಖದ ಬಗ್ಗೆ ಬಹಳ ಹೊತ್ತು ಮಾತಾಡಿದ್ದರು. ಕೇಳಿದ ಮೇಲೆ ನನಗೂ ದುಃಖವೇ ಕಂಡಿತು, ಎಲ್ಲರಿಗೂ ಅದೇ ಕಂಡಿತು. ಒಬ್ಬರು ಬಾಯಿಬಿಟ್ಟು ಹೇಳಿದ ಭಾವವನ್ನು ಮುಖದಿಂದ ಅಳಿಸಿ ಹಾಕುವುದು ನೋಡುವವನಿಗೆ ಸುಲಭವಲ್ಲ.

ಬುಧವಾರ ಹತ್ತೂಕಾಲಿಗೆ ನಾನು ಒಳಗೆ ಹೋದಾಗ ಕಾವಲುಗಾರರನ್ನು ಬಿಟ್ಟರೆ ಯಾರೂ ಇರಲಿಲ್ಲ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಹತ್ತು ನಿಮಿಷವಾಗಿರಬೇಕು, ವಿದ್ಯುತ್ ಹೋಯಿತು. ಕಾವಲುಗಾರರು ಬೇಸರಪಟ್ಟುಕೊಂಡು ಪಕ್ಕದ ಗೋಡೆಯ ಎತ್ತರದ ಕಿಟಕಿಗಳ ಪರದೆ ಸರಿಸಿದರು, ಮತ್ತು ಮೋಡ ಕವಿದ ಆಕಾಶದ ಮೆತ್ತನೆಯ ಬೆಳಕು ಅಡ್ಡಲಾಗಿ ಒಳಗೆ ಬಂದು ಚಿತ್ರಗಳ ಮೇಲೆ ಹರಡಿತು. ಸ್ಟುಡಿಯೊದಲ್ಲಿ ಇಂಥ ಬೆಳಕಿಗಾಗಿ ನಾವು ಬಿಳಿ ಬಟ್ಟೆಯ ದೊಡ್ಡ ಪೆಟ್ಟಿಗೆಯ ಹಿಂದೆ ಫ್ಲ್ಯಾಶ್ ಇಡುತ್ತೇವೆ. ಬೆಳಗಾವಿಯ ಮಳೆಗಾಲ ಅದನ್ನು ತಿಂಗಳುಗಟ್ಟಲೆ ಪುಕ್ಕಟೆಯಾಗಿ ಕೊಡುತ್ತದೆ. ಈ ಚಿತ್ರಗಳಲ್ಲಿ ಬಹುತೇಕವು ಬರೆಯಲ್ಪಟ್ಟದ್ದೂ ಕಿಟಕಿಯ ಬೆಳಕಿನಲ್ಲಿಯೇ.

ಸ್ಪಾಟ್‌ಲೈಟಿನ ಕೆಳಗೆ ವಾರ್ನಿಷಿನ ಮೇಲೆ ಮಿನುಗುತ್ತಿದ್ದ ಬಿಳಿ ಮಚ್ಚೆಗಳು ಒಮ್ಮೆಗೇ ಹೋದವು. ಎರಡು ಸಲ ನೋಡಿದಾಗಲೂ ಬರೀ ಕಪ್ಪು ಹಲಗೆಯಂತಿದ್ದ ಆ ಹಿರಿಯರ ಕೋಟು ಈಗ ತೆರೆದುಕೊಂಡಿತು: ತೋಳಿನ ಮಡಿಕೆಯಲ್ಲಿ ನೀಲಿ, ಎದೆಯ ಮೇಲೆ ಹಸಿರಿನ ಛಾಯೆಯ ಬೂದು, ಎರಡನೆಯ ಗುಂಡಿಯ ಕೆಳಗೆ ಸವೆದ ಬಟ್ಟೆಯ ಸಣ್ಣ ಹೊಳಪು. ಆಮೇಲೆ ಕಣ್ಣುಗಳ ಕಡೆ ನೋಡಿದೆ. ಕಣ್ಣುಗುಳಿಗಳು ಕಪ್ಪಾಗಿದ್ದುದು ನಿಜ. ಆದರೆ ಮೂಗಿನ ನೆರಳು ನೇರವಾಗಿ ಮೇಲ್ತುಟಿಯ ಮೇಲೆ ಬಿದ್ದಿತ್ತು, ಗದ್ದದ ನೆರಳು ಕೊರಳುಪಟ್ಟಿಯನ್ನು ಮುಚ್ಚಿತ್ತು. ಅಂದರೆ ಬೆಳಕು ತಲೆಯ ಮೇಲಿನಿಂದ ಬಂದಿದೆ, ಬಹುಶಃ ಮಾಡಿನ ಬೆಳಕಿಂಡಿಯಿಂದ. ಮಧ್ಯಾಹ್ನದ ಬಿಸಿಲಿನಲ್ಲಿ ಮದುಮಗನನ್ನು ನಿಲ್ಲಿಸಿದರೂ ಕಣ್ಣುಗುಳಿ ಹೀಗೆಯೇ ಕಪ್ಪಾಗುತ್ತದೆ. ಕಣ್ಣಿನ ಆ ನೆರಳನ್ನು ಮನಸ್ಸಿನಲ್ಲಿ ತೆಗೆದಿಟ್ಟು ನೋಡಿದರೆ ಬಾಯಿ ನಗುವಿನ ಅಂಚಿನಲ್ಲಿತ್ತು. ತುಟಿಯ ಬಲತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಹತ್ತು ನಿಮಿಷ ಅಲ್ಲಿಯೇ ನಿಂತೆ. ಭಾನುವಾರ ನೋಡಿದ ದುಃಖಿತ ಮನುಷ್ಯ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಇದಾದ ಮೇಲೆ ಪ್ರತಿ ಚಿತ್ರದಲ್ಲಿಯೂ ಕಣ್ಣಪಾಪೆಯ ಮೇಲಿನ ಬೆಳಕಿನ ಚುಕ್ಕೆಯನ್ನು ಹುಡುಕುತ್ತ ಹೋದೆ. ಗಡಿಯಾರದ ಮುಖದಂತೆ ಪಾಪೆಯನ್ನು ಊಹಿಸಿಕೊಂಡರೆ ಹೆಚ್ಚಿನವುಗಳಲ್ಲಿ ಚುಕ್ಕೆ ಹತ್ತರ ಅಥವಾ ಹನ್ನೊಂದರ ಜಾಗದಲ್ಲಿತ್ತು: ನಮ್ಮ ಎಡಕ್ಕೆ, ಎತ್ತರದಲ್ಲಿ ಒಂದು ಕಿಟಕಿ. ಬಲಗೈಯಲ್ಲಿ ಕುಂಚ ಹಿಡಿದವರಿಗೆ ತಮ್ಮ ಕೈಯ ನೆರಳು ಚಿತ್ರದ ಮೇಲೆ ಬೀಳದಿರಲು ಎಡದ ಬೆಳಕೇ ಅನುಕೂಲ. ಒಂದು ಚಿತ್ರದಲ್ಲಿ ಮಾತ್ರ ಪ್ರತಿ ಕಣ್ಣಿಗೂ ಎರಡು ಚುಕ್ಕೆಗಳಿದ್ದವು, ಒಂದು ದೊಡ್ಡದು, ಇನ್ನೊಂದು ಬಲಕ್ಕೆ ಕೆಳಗೆ ಸಣ್ಣದು. ಅದು ಸ್ಟುಡಿಯೊದ ಮುಖ್ಯ ದೀಪ ಮತ್ತು ನೆರಳು ತುಂಬುವ ಎರಡನೆಯ ದೀಪ. ಆ ಚಿತ್ರ ಕುಳಿತ ಮನುಷ್ಯನನ್ನು ನೋಡಿ ಬರೆದದ್ದಲ್ಲ, ನನ್ನಂಥ ಯಾರೋ ತೆಗೆದ ಫೋಟೊ ನೋಡಿ ಬರೆದದ್ದು ಎಂದು ನನಗೆ ಖಾತ್ರಿಯಾಯಿತು. ಭಾನುವಾರ ಅದರ ಮುಂದೆ ನಾವು ನಿಂತೂ ಇರಲಿಲ್ಲ.

ನಲವತ್ತು ನಿಮಿಷಗಳ ನಂತರ ವಿದ್ಯುತ್ ಬಂದಾಗ ಬೇಡವೆನಿಸಿತು. ಈ ಭೇಟಿಗೆ ನಾನು ತೆತ್ತದ್ದು ಅರ್ಧ ದಿನದ ಅಂಗಡಿ. ವಾರದ ದಿನ ಬಾಗಿಲು ಹಾಕುವುದು ನಮ್ಮಂಥವರಿಗೆ ಸಣ್ಣ ಮಾತಲ್ಲ. ಆದರೂ ಒಂದೇ ಭೇಟಿ ಎಂದಾದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಎರಡು ಸಲ ಹೋಗಲು ಸಾಧ್ಯವಿರುವವರು ಮೊದಲು ಒಬ್ಬರೇ ಹೋಗಿ, ತಮ್ಮದೊಂದು ಅಭಿಪ್ರಾಯ ಗಟ್ಟಿಯಾದ ಮೇಲೆ ಮಾರ್ಗದರ್ಶಕರ ಸುತ್ತಿಗೆ ಸೇರಲಿ. ಗಡ್ಡದ ಬಿಳಿ ಕಾಗದದಂಥ ಸಂಗತಿಗಳನ್ನು ಅವರಿಲ್ಲದೆ ನಾನು ಕಾಣುತ್ತಿರಲಿಲ್ಲ. ಕೋಟಿನ ಹಿರಿಯರನ್ನು ಅವರಿದ್ದಾಗ ಕಾಣಲಿಲ್ಲ. ನಾನು ಹೋದ ಕ್ರಮ ತಲೆಕೆಳಗಾಗಿತ್ತು.

ಫೋನಿನಲ್ಲಿ ನೋಡಿದರೆ ಸಾಲದೆ ಎಂದು ಕೇಳುವವರಿಗಾಗಿ, ಅದೇ ಕೋಟಿನ ಚಿತ್ರವನ್ನು ಅನುಮತಿ ಕೇಳಿ ಫ್ಲ್ಯಾಶ್ ಇಲ್ಲದೆ ತೆಗೆದು ತಂದು ಅಂಗಡಿಯ ಒಳ್ಳೆಯ ಮಾನಿಟರ್‌ನಲ್ಲಿ ನೋಡಿದೆ. ಕೋಟು ಮತ್ತೆ ಕಪ್ಪು ಹಲಗೆಯಾಗಿತ್ತು.

ಪ್ರದರ್ಶನ ಮುಗಿಯುವ ಹಿಂದಿನ ದಿನ ನನ್ನ ಬಳಿ ಕೆಲಸ ಕಲಿಯುತ್ತಿರುವ ಹುಡುಗನನ್ನು ಬೆಳಿಗ್ಗೆಯೇ ಒಂದು ನೋಟುಪುಸ್ತಕ ಕೊಟ್ಟು ಕಳಿಸಿದೆ. ಯಾವುದು ಚೆಂದ ಎಂದು ಬರೆಯಬೇಡ, ಪ್ರತಿ ಮುಖಕ್ಕೂ ಕಿಟಕಿ ಎಲ್ಲಿತ್ತು ಎಂದಷ್ಟೇ ಗುರುತು ಮಾಡಿಕೊಂಡು ಬಾ ಎಂದು ಹೇಳಿದ್ದೆ. ಅವನು ಮಧ್ಯಾಹ್ನ ಒಂದೂವರೆಗೆ ಊಟವನ್ನೂ ಮಾಡದೆ ಬಂದ. ಹದಿನೇಳು ಮುಖಗಳ ಸಣ್ಣ ಗೆರೆಚಿತ್ರ, ಪ್ರತಿಯೊಂದರ ಪಕ್ಕದಲ್ಲಿ ಒಂದು ಬಾಣ. ಹದಿನೈದು ನನ್ನ ಲೆಕ್ಕಕ್ಕೆ ಹೊಂದಿದವು. ಉಳಿದ ಎರಡರಲ್ಲಿ ಒಂದು, ಯೋಚಿಸಿ ನೋಡಿದರೆ, ಅವನದೇ ಸರಿ: ಅಜ್ಜಿಯೊಬ್ಬರ ಕೆನ್ನೆಯ ಕೆಳಗಿನ ಬೆಳಕು ಕಿಟಕಿಯದಲ್ಲ, ಮಡಿಲಿನ ಬಿಳಿ ಸೀರೆಯಿಂದ ಪುಟಿದದ್ದು. ಇನ್ನೊಂದರ ಬಗ್ಗೆ ನಮ್ಮಿಬ್ಬರಲ್ಲಿ ಈಗಲೂ ಒಮ್ಮತವಿಲ್ಲ.