ಮೆಸ್ಕಾಂ ಸೇವೆಗೆ ಅಂಕ ಕೊಡುವುದಾದರೆ ಯಾವ ಲೆಕ್ಕದ ಮೇಲೆ?

ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಮೆಸ್ಕಾಂ 2002ರಲ್ಲಿ ಆರಂಭವಾಯಿತು. ಮನೆಬಳಕೆಯ ಗ್ರಾಹಕರಿಗೆ ಇನ್ನೊಂದು ಕಂಪನಿಯನ್ನು ಆರಿಸಿಕೊಳ್ಳುವ ಅವಕಾಶ ಇಲ್ಲದಿರುವುದರಿಂದ, ಈ ಸೇವೆಯ ವಿಮರ್ಶೆ ಮಾಡುವವರು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಮುಂದೆ: ಸೇವೆ ಚೆನ್ನಾಗಿದೆ ಎಂದು ಹೇಳುವ ಅಂಕಿಗಳು ಏನನ್ನು ಅಳೆಯುತ್ತವೆ? ವಿತರಣಾ ಕಂಪನಿಗಳಿಗೆಲ್ಲ ಸಾಮಾನ್ಯವಾಗಿ ಬಳಸುವ ಸೂಚಕಗಳನ್ನು ಕರಾವಳಿಯ ಗ್ರಾಹಕರ ದೃಷ್ಟಿಯಿಂದ ಪರಿಶೀಲಿಸುವುದು ಈ ಬರಹದ ಉದ್ದೇಶ.

ಎಲ್ಲಕ್ಕಿಂತ ಹೆಚ್ಚು ಪ್ರಚಾರ ಪಡೆದಿರುವುದು ಒಟ್ಟು ತಾಂತ್ರಿಕ ಮತ್ತು ವಾಣಿಜ್ಯ ನಷ್ಟ. ಕಂಪನಿ ಖರೀದಿಸಿದ ವಿದ್ಯುತ್ತಿನಲ್ಲಿ ಎಷ್ಟಕ್ಕೆ ಬಿಲ್ ಆಯಿತು, ಬಿಲ್ಲಾದದ್ದರಲ್ಲಿ ಎಷ್ಟು ಹಣ ವಸೂಲಾಯಿತು ಎಂಬ ಎರಡು ಲೆಕ್ಕಗಳನ್ನು ಇದು ಒಂದುಗೂಡಿಸುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ವಿತರಣಾ ಸುಧಾರಣಾ ಯೋಜನೆ ಈ ನಷ್ಟವನ್ನು ದೇಶದ ಮಟ್ಟದಲ್ಲಿ ಶೇ. 12ರಿಂದ 15ಕ್ಕೆ ಇಳಿಸುವ ಗುರಿ ಇಟ್ಟುಕೊಂಡಿತ್ತು. ಕಂಪನಿಯ ಹಣಕಾಸು ತಿಳಿಯಲು ಇದು ಬೇಕೇ ಬೇಕು. ಆದರೆ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇರುವ ನಮ್ಮ ರಾಜ್ಯದಲ್ಲಿ, ಮೀಟರ್ ಇಲ್ಲದ ಪಂಪ್‌ಸೆಟ್‌ಗಳ ಬಳಕೆಯನ್ನು ಅಂದಾಜಿನಿಂದಲೇ ಲೆಕ್ಕ ಹಾಕಬೇಕು. ಅಂದಾಜು ತುಸು ಏರಿದರೆ ನಷ್ಟ ಕಾಗದದ ಮೇಲೆ ಇಳಿಯುತ್ತದೆ. ಇನ್ನು ಸರ್ಕಾರದ ಸಹಾಯಧನ ತಡವಾದರೆ ಲೈನ್‌ಮನ್ ಎಷ್ಟೇ ದುಡಿದರೂ ವಸೂಲಾತಿಯ ಅಂಕ ಕುಸಿಯುತ್ತದೆ. ಇದನ್ನು ಸೇವೆಯ ಗುಣಮಟ್ಟದ ಪಟ್ಟಿಯಲ್ಲಿ ಇಡಬಾರದು ಎಂಬುದು ನನ್ನ ಅಭಿಪ್ರಾಯ.

ಗ್ರಾಹಕರಿಗೆ ನೇರವಾಗಿ ಸಂಬಂಧಿಸಿದವು ಸೈಫಿ ಮತ್ತು ಸೈಡಿ. ಮೊದಲನೆಯದು ಒಬ್ಬ ಗ್ರಾಹಕನಿಗೆ ವರ್ಷದಲ್ಲಿ ಸರಾಸರಿ ಎಷ್ಟು ಬಾರಿ ಕರೆಂಟು ಹೋಯಿತು ಎಂಬುದನ್ನು, ಎರಡನೆಯದು ಒಟ್ಟು ಎಷ್ಟು ಹೊತ್ತು ಇರಲಿಲ್ಲ ಎಂಬುದನ್ನು ಹೇಳುತ್ತದೆ. ಇವು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಳ್ಳೆಯ ಅಳತೆಗಳೇ. ತೊಂದರೆ ಇರುವುದು ದಾಖಲೆ ಎಲ್ಲಿಂದ ಬರುತ್ತದೆ ಎಂಬಲ್ಲಿ. ನಮ್ಮ ದೇಶದಲ್ಲಿ ಈ ಲೆಕ್ಕ ಬಹುಪಾಲು ಸಬ್‌ಸ್ಟೇಷನ್ನಿನಿಂದ ಹೊರಡುವ 11 ಕೆ.ವಿ. ಫೀಡರಿನದ್ದು, ಅಂದರೆ ಊರೂರಿಗೆ ವಿದ್ಯುತ್ ಒಯ್ಯುವ ಮುಖ್ಯ ಲೈನಿನದ್ದು. ಫೀಡರ್ ಟ್ರಿಪ್ ಆದರೆ ದಾಖಲಾಗುತ್ತದೆ; ಆದರೆ ಬೆಳ್ತಂಗಡಿಯದೋ ಹೆಬ್ರಿಯದೋ ಒಂದು ತೋಟದ ಮೂಲೆಯಲ್ಲಿ ತೆಂಗಿನ ಮಡಲು ಬಿದ್ದು ಮನೆಗಳಿಗೆ ಹೋಗುವ ಎಲ್.ಟಿ. (ಕಡಿಮೆ ವೋಲ್ಟೇಜಿನ) ತಂತಿ ತುಂಡಾದರೆ, ಅಥವಾ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಫ್ಯೂಸ್ ಹಾರಿದರೆ, ಫೀಡರಿನ ಮಟ್ಟಿಗೆ ಏನೂ ಆಗಿಲ್ಲ. ಮರಗಳ ನಡುವೆಯೇ ತಂತಿ ಹಾದುಹೋಗುವ ನಮ್ಮ ಜಿಲ್ಲೆಗಳಲ್ಲಿ ಮಳೆಗಾಲದ ಕತ್ತಲೆಯ ದೊಡ್ಡ ಪಾಲು ಇಂಥದ್ದೇ ಆಗಿರುವಾಗ, ಅದನ್ನು ಕಾಣದ ಸೂಚಕ ಅರ್ಧ ಕಣ್ಣು ಮುಚ್ಚಿದಂತೆಯೇ.

ಸರಾಸರಿಯದು ಇನ್ನೊಂದು ತಂಟೆ. ಒಂದು ಫೀಡರಿನಲ್ಲಿ 1,000 ಗ್ರಾಹಕರಿದ್ದಾರೆ ಎಂದಿಟ್ಟುಕೊಳ್ಳೋಣ. ತುದಿಯ 100 ಮನೆಗಳಿಗೆ 20 ಗಂಟೆ ಕರೆಂಟಿಲ್ಲ, ಉಳಿದ 900 ಮನೆಗಳಿಗೆ ಒಂದು ನಿಮಿಷವೂ ಹೋಗಿಲ್ಲ. ಸರಾಸರಿ ಎರಡೇ ಗಂಟೆ. ಮಂಗಳೂರು ನಗರದ ಸಂಖ್ಯಾಬಲದ ಮುಂದೆ ಸುಳ್ಯದ, ಬೈಂದೂರಿನ ಒಳಹಳ್ಳಿಗಳ ಪಾಡು ಹೀಗೆಯೇ ಕರಗಿಹೋಗುತ್ತದೆ. ಆದ್ದರಿಂದ ಇಡೀ ಕಂಪನಿಯ ಒಂದು ಅಂಕಿಯ ಜೊತೆಗೆ ಫೀಡರ್‌ವಾರು ಪಟ್ಟಿ ಮತ್ತು ಅತಿ ಕಳಪೆ ಪೂರೈಕೆ ಪಡೆದವರ ಸಂಖ್ಯೆ ಇರಬೇಕು.

ದುರಸ್ತಿಯ ಸರಾಸರಿ ಅವಧಿಯನ್ನು ತೋರಿಸುವ ಕೈಡಿ ಎಂಬ ಸೂಚಕದ ಬಗ್ಗೆ ಎಚ್ಚರ ಹೇಳಲೇಬೇಕು. ಒಂದು ವರ್ಷ ಹತ್ತು ಬಾರಿ, ಒಟ್ಟು ಹತ್ತು ಗಂಟೆ ಕರೆಂಟು ಹೋಗಿದ್ದರೆ ಕೈಡಿ ಒಂದು ಗಂಟೆ. ಮರುವರ್ಷ ಕೊಂಬೆ ಸವರಿ, ಅರ್ಧರ್ಧ ಗಂಟೆಯ ಆರು ಅಡಚಣೆಗಳನ್ನು ಕಂಪನಿ ತಪ್ಪಿಸಿತು. ಈಗ ನಾಲ್ಕು ಬಾರಿ, ಏಳು ಗಂಟೆ. ಗ್ರಾಹಕರಿಗೆ ಎರಡು ರೀತಿಯಲ್ಲೂ ಲಾಭ, ಆದರೆ ಕೈಡಿ 1.75 ಗಂಟೆಗೆ ಏರಿತು. ಒಳ್ಳೆಯ ಕೆಲಸಕ್ಕೆ ಕೆಟ್ಟ ಅಂಕ ಕೊಡುವ ಈ ಸೂಚಕವನ್ನು ಒಂಟಿಯಾಗಿ ಯಾರೂ ಉಲ್ಲೇಖಿಸಬಾರದು.

ಗಾಳಿಮಳೆಯ ದಿನಗಳನ್ನು ಏನು ಮಾಡಬೇಕು ಎಂಬುದು ಕರಾವಳಿಯ ಮಟ್ಟಿಗೆ ನಿಜವಾದ ತಕರಾರು. ಅಸಾಧಾರಣ ದಿನಗಳನ್ನು ಹಿಂದಿನ ಐದು ವರ್ಷಗಳ ದೈನಂದಿನ ಅಂಕಿಗಳಿಂದ ಗುರುತಿಸಿ ಬೇರ್ಪಡಿಸುವ ಅಂತರರಾಷ್ಟ್ರೀಯ ಪದ್ಧತಿಯೊಂದಿದೆ, ಅದರಲ್ಲಿ ತಪ್ಪಿಲ್ಲ. ಬೇರ್ಪಡಿಸಿದ್ದನ್ನು ಪ್ರತ್ಯೇಕವಾಗಿ ವರದಿ ಮಾಡಬೇಕೆಂದೂ ಅದೇ ಪದ್ಧತಿ ಹೇಳುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಪ್ರತಿವರ್ಷ ಬರುವ ಗಾಳಿಮಳೆ ನಮಗೆ ಪ್ರಕೃತಿ ವಿಕೋಪವಲ್ಲ, ಋತುಮಾನ. ಆ ದಿನಗಳನ್ನು ತೆಗೆದುಹಾಕಿದ ಅಂಕಿ ಬಯಲುಸೀಮೆಯೊಡನೆ ಹೋಲಿಸಲು ಉಪಯೋಗಕ್ಕೆ ಬಂದೀತು. ಕುಂದಾಪುರದ ಗ್ರಾಹಕರಿಗೆ ಬೇಕಾದದ್ದು ಅವುಗಳನ್ನು ಸೇರಿಸಿದ ಅಂಕಿ. ಪತ್ರಿಕೆಯಲ್ಲಿ ಪ್ರಕಟವಾಗುವ ಯೋಜಿತ ನಿಲುಗಡೆಗಳನ್ನೂ ಬೇರೆಯಾಗಿ ಎಣಿಸಿ, ಹೇಳಿದ ಹೊತ್ತಿಗೆ ಕರೆಂಟು ಮರಳಿತೇ ಎಂಬುದನ್ನು ಅದರ ಪಕ್ಕದಲ್ಲೇ ತೋರಿಸಬೇಕು.

ವೋಲ್ಟೇಜಿನ ಸೂಚಕಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪು ಎತ್ತದಷ್ಟು ವೋಲ್ಟೇಜ್ ಇಳಿದರೂ ಸೈಡಿಯ ಲೆಕ್ಕದಲ್ಲಿ ಕರೆಂಟು ಇದೆ. ಮಲ್ಪೆಯ ಐಸ್ ಪ್ಲಾಂಟಿಗೂ ಇದೇ ಮಾತು.

ವಿದ್ಯುತ್ ಕಾಯ್ದೆ 2003ರ 57 ಮತ್ತು 59ನೇ ಕಲಂಗಳು ನನಗೆ ಹೆಚ್ಚು ಉಪಯುಕ್ತವಾಗಿ ಕಂಡಿವೆ. ನಿಗದಿತ ಮಟ್ಟದ ಸೇವೆ ಕೊಡದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಎಷ್ಟು ಪ್ರಕರಣಗಳಲ್ಲಿ, ಒಟ್ಟು ಎಷ್ಟು ಹಣ ಕೊಡಲಾಯಿತು ಎಂಬುದನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಒಪ್ಪಿಸಬೇಕು. ಇಲ್ಲಿ ಸೊನ್ನೆ ಕಂಡರೆ ಸಂತೋಷಪಡುವ ಮೊದಲು, ಪರಿಹಾರ ಕೇಳಬಹುದೆಂದು ಎಷ್ಟು ಜನರಿಗೆ ಗೊತ್ತಿದೆ ಎಂದು ಯೋಚಿಸಬೇಕು. ದೂರದಿಂದಲೇ ಗಮನಿಸಬಹುದಾದ ಲೋಪಗಳಿಗೆ ಪರಿಹಾರ ತಾನಾಗಿಯೇ ಸಂದಾಯವಾಗಬೇಕು ಎಂದು 2020ರ ಗ್ರಾಹಕರ ಹಕ್ಕುಗಳ ನಿಯಮಗಳು ಹೇಳುತ್ತವೆ. ಹಾಗೆಯೇ 1912 ಸಹಾಯವಾಣಿಗೆ ಬಂದ ದೂರುಗಳಲ್ಲಿ ಎಷ್ಟು ಮುಗಿದವು ಎಂಬುದಕ್ಕಿಂತ, ಮುಗಿದ ದೂರು ಎರಡೇ ದಿನದಲ್ಲಿ ಮತ್ತೆ ಬಂತೇ ಎಂಬುದು ಹೆಚ್ಚು ಹೇಳುತ್ತದೆ.

ಬಳಕೆಯಲ್ಲಿರುವ ಸೂಚಕಗಳ ಗುಚ್ಛಕ್ಕೆ ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಫೀಡರ್‌ವಾರು ಪಟ್ಟಿ ಮತ್ತು ಎಲ್.ಟಿ. ದಾಖಲೆ ಸೇರಿದರೆ ನಾಲ್ಕು. ದುರಸ್ತಿಯ ವೇಗವನ್ನು ಬಹಿರಂಗವಾಗಿ ಅಳೆಯತೊಡಗಿದರೆ ಅದರ ಒತ್ತಡ ಬೀಳುವುದು ಮಳೆಯಲ್ಲಿ ಕಂಬ ಹತ್ತುವ ಪವರ್‌ಮ್ಯಾನ್ ಮೇಲೆ. ಹಾಗಾಗಿ ದುರಸ್ತಿಗೆ ತಗುಲಿದ ಹೊತ್ತು ಮತ್ತು ಸಿಬ್ಬಂದಿಗೂ ಸಾರ್ವಜನಿಕರಿಗೂ ಆದ ವಿದ್ಯುತ್ ಅವಘಡಗಳ ಸಂಖ್ಯೆ, ಇವೆರಡೂ ಒಂದೇ ಪುಟದಲ್ಲಿ ಪ್ರಕಟವಾಗಬೇಕೆಂದು ಆಯೋಗದ ಮುಂದಿನ ದರ ವಿಚಾರಣೆಯಲ್ಲಿ ಗ್ರಾಹಕರು ಲಿಖಿತವಾಗಿ ಕೇಳಬಹುದು.