ಎಪಿಕ್ ಸೆಪ್ಸಿಸ್ ಮಾಡೆಲ್: ಆನ್ ಮಾಡುವ ಮುಂಚೆ

ಅಮೆರಿಕದ ಬಹಳಷ್ಟು ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆ ಇರುವುದು ಎಪಿಕ್ ಕಂಪನಿಯ ಸಾಫ್ಟ್‌ವೇರ್‌ನಲ್ಲಿ. ಅದರೊಳಗೇ ಬರುವ ಈ ಮಾಡೆಲ್, ಒಳರೋಗಿಯ ನಾಡಿ, ಜ್ವರ, ಲ್ಯಾಬ್ ರಿಪೋರ್ಟ್ ಎಲ್ಲ ಕೂಡಿಸಿ 15 ನಿಮಿಷಕ್ಕೊಮ್ಮೆ ಸೆಪ್ಸಿಸ್ (ಸೋಂಕಿಗೆ ದೇಹವೇ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗಗಳು ಕೆಡುವ ಸ್ಥಿತಿ) ಅಪಾಯದ ಸ್ಕೋರ್ ಕೊಡುತ್ತದೆ. ಸ್ಕೋರ್ ಗಡಿ ದಾಟಿದರೆ ನರ್ಸ್ ಅಥವಾ ಡ್ಯೂಟಿ ಡಾಕ್ಟರಿಗೆ ಅಲರ್ಟ್. ಬೇರೆ ಯಂತ್ರ ಬೇಡ, ಬೇರೆ ಲಾಗಿನ್ ಬೇಡ. ಅನುಕೂಲದಲ್ಲಿ ಕೊರತೆಯಿಲ್ಲ.

ಕೊರತೆ ಇರುವುದು ಕೆಲಸದಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದವರು 38,455 ದಾಖಲಾತಿಗಳ ಮೇಲೆ ಇದನ್ನು ಒರೆಗೆ ಹಚ್ಚಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಡಿಯನ್ನು 6ಕ್ಕೆ ಇಟ್ಟಾಗ, ಸೆಪ್ಸಿಸ್ ಆದ 2,552 ಮಂದಿಯಲ್ಲಿ 1,709 ಮಂದಿ ಮಾಡೆಲಿನ ಕಣ್ಣಿಗೆ ಬೀಳಲೇ ಇಲ್ಲ. ಹಾಗಂತ ಅದು ಸುಮ್ಮನಿತ್ತೇ? ಶೇ. 18ರಷ್ಟು ದಾಖಲಾತಿಗಳಲ್ಲಿ ಅಲರ್ಟ್ ಹೊಡೆಯಿತು. ರೋಗಿಗೊಂದೇ ಅಲರ್ಟ್ ಎಂದುಕೊಂಡರೂ ಒಂದು ನಿಜವಾದ ಸೆಪ್ಸಿಸ್ ಸಿಗಲು 8 ಜನರನ್ನು ನೋಡಬೇಕು. ಗಡಿ ದಾಟಿದಾಗಲೆಲ್ಲ ಹೋಗಿ, ಮುಂದಿನ 4 ಗಂಟೆಯಲ್ಲಿ ಸೆಪ್ಸಿಸ್ ಆಗುವ ಒಬ್ಬರನ್ನು ಹುಡುಕುವುದಾದರೆ 109 ಜನರನ್ನು ನೋಡಬೇಕು. ಹತ್ತು ಸುಳ್ಳು ಅಲರ್ಟ್ ನೋಡಿದ ನರ್ಸ್ ಹನ್ನೊಂದನೆಯದನ್ನು ಓದದೆ ಮುಚ್ಚಿದರೆ ತಪ್ಪು ಅವರದಲ್ಲ.

ಇನ್ನೊಂದು ಹುಳುಕು ಒಳಗಿನದು. ಹಳೆಯ ಆವೃತ್ತಿಯಲ್ಲಿ ಆಂಟಿಬಯಾಟಿಕ್ ಆರ್ಡರ್ ಕೂಡ ಸ್ಕೋರಿಗೆ ಸೇರುತ್ತಿತ್ತು. ಡಾಕ್ಟರಿಗೆ ಅನುಮಾನ ಬಂದು ಔಷಧ ಬರೆದ ಮೇಲೆ ಸ್ಕೋರ್ ಏರುತ್ತದೆ, ಕಂಡುಹಿಡಿದದ್ದು ನಾನೇ ಎಂಬಂತೆ! ಮಿಶಿಗನ್‌ನವರದೇ 2024ರ ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿದ್ದಷ್ಟೂ ಕಾಲದ ಡೇಟಾ ಬಳಸಿದಾಗ ನಿಖರತೆ ಶೇ. 87, ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಹುಡುಕುವ ಪರೀಕ್ಷೆ) ಆರ್ಡರ್ ಆಗುವ ಮುಂಚಿನದಷ್ಟೇ ಬಳಸಿದಾಗ 53. ನಾಣ್ಯ ಚಿಮ್ಮಿದರೂ 50 ಬರುತ್ತದೆ.

2022ರಲ್ಲಿ ಕಂಪನಿ ಮಾಡೆಲನ್ನು ತಿದ್ದಿತು. ಆಸ್ಪತ್ರೆ ತನ್ನದೇ ಡೇಟಾದ ಮೇಲೆ ಅದನ್ನು ತರಬೇತುಗೊಳಿಸಿಕೊಳ್ಳಲಿ ಎಂದಿತು. ಸರಿಯಾದ ದಾರಿಯೇ. ಆದರೆ ಅಲ್ಲಿಂದಾಚೆಗೆ ಹೊಣೆ ಆಸ್ಪತ್ರೆಯದು. ಮೊದಲು ಕೆಲವು ತಿಂಗಳು ಅಲರ್ಟ್ ಯಾರಿಗೂ ಕಾಣದಂತೆ ಹಿನ್ನೆಲೆಯಲ್ಲಿ ಓಡಿಸಿ, ಸ್ಕೋರ್ ಏರಿದ ಸಮಯವನ್ನೂ ಕಲ್ಚರ್ ಆರ್ಡರ್ ಆದ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕಲ್ಚರೇ ಮುಂದಿದ್ದರೆ ಆ ಅಲರ್ಟಿನಿಂದ ಪ್ರಯೋಜನವಿಲ್ಲ. ಐಸಿಯುಗೂ ಜನರಲ್ ವಾರ್ಡಿಗೂ ಒಂದೇ ಗಡಿ ಬೇಡ. ಅಲರ್ಟ್ ತಳ್ಳಿಹಾಕುವವರು ಕಾರಣ ಒತ್ತಲಿ, ನಾಲ್ಕೈದು ಆಯ್ಕೆ ಸಾಕು. ತಿಂಗಳಿಗೊಮ್ಮೆ ಸಮಿತಿ ಅದನ್ನು ಓದಲಿ. ಸಮಿತಿಯಲ್ಲಿ ಐಟಿಯವರಷ್ಟೇ ಇದ್ದರೆ ಸಾಲದು, ರಾತ್ರಿ ಪಾಳಿಯ ನರ್ಸ್ ಒಬ್ಬರಾದರೂ ಇರಬೇಕು.

ಸ್ವಿಚ್ ಆಫ್ ಮಾಡುವ ಅಧಿಕಾರ ಯಾರದೆಂದು ಮೊದಲೇ ಬರೆದಿಡಿ. ಕೋವಿಡ್ ಬಂದಾಗ 24 ಆಸ್ಪತ್ರೆಗಳಲ್ಲಿ ರೋಗಿಗಳ ಸಂಖ್ಯೆ ಶೇ. 35 ಇಳಿದರೂ ಅಲರ್ಟ್‌ಗಳು ಶೇ. 43 ಏರಿದ್ದವು. ಮಿಶಿಗನ್ 2020ರ ಏಪ್ರಿಲ್‌ನಲ್ಲಿ ಅಲರ್ಟ್ ನಿಲ್ಲಿಸಿತು. ನಿಲ್ಲಿಸಬಲ್ಲವರು ಯಾರೆಂದೇ ಗೊತ್ತಿಲ್ಲದ ಆಸ್ಪತ್ರೆ ಇದನ್ನು ಆನ್ ಮಾಡದಿರುವುದೇ ಲೇಸು.